ಉಸಿರೂ ಒಂದು ಅಮಾನತ್ತು



ಎಣಿಸಿ ಮುಗಿಸಲಾಗದಷ್ಟು ಅನುಗ್ರಹಗಳನ್ನು ಅಲ್ಲಾಹನು ಮನುಷ್ಯನಿಗೆ ನೀಡಿರುವನು. ಅವುಗಳಲ್ಲಿ ಕೆಲವನ್ನು ನಾವು ಬೇಡಿ ಪಡೆಯುತ್ತೇವೆ, ಕೆಲವನ್ನು ದುಡಿದು ಪಡೆಯುತ್ತೇವೆ. ಆದರೆ ಬೇಡದೆ, ದುಡಿಯದೆ, ನಿದ್ದೆಯಲ್ಲಿರುವಾಗಲೂ ನಿಲ್ಲದೆ ದೊರೆಯುತ್ತಿರುವ ಅನುಗ್ರಹವೊಂದಿದೆ. ಅದು ಉಸಿರು. ಆರೋಗ್ಯವಂತ ವಯಸ್ಕನೊಬ್ಬನು ವಿಶ್ರಾಂತಿಯಲ್ಲಿರುವಾಗ ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡುತ್ತಾನೆ. ಅಂದರೆ ಒಂದು ದಿನಕ್ಕೆ ಕಡಿಮೆಯೆಂದರೂ 17 ಸಾವಿರ ಬಾರಿ. ಇದಕ್ಕೆ ನಮ್ಮಿಂದ ಬಾಡಿಗೆ ವಸೂಲಿಯಾಗುವುದಿಲ್ಲ, ತಿಂಗಳ ಕೊನೆಗೆ ಬಿಲ್ಲು ಬರುವುದಿಲ್ಲ. ಆದ್ದರಿಂದಲೇ ನಾವು ಅದನ್ನು ಲೆಕ್ಕಕ್ಕೆ ಇಟ್ಟುಕೊಂಡಿಲ್ಲ.

ಅದರ ಬೆಲೆಯೇನೆಂಬುದು 2021ರ ಬೇಸಿಗೆಯಲ್ಲಿ ನಮಗೆ ಅರಿವಾಯಿತು. ಬೆಂಗಳೂರಿನಲ್ಲಿ ಒಂದು ಆಮ್ಲಜನಕದ ಸಿಲಿಂಡರಿಗಾಗಿ ಶ್ರೀಮಂತರೂ ಬಡವರೂ ಒಂದೇ ಸಾಲಿನಲ್ಲಿ ನಿಂತರು. ಆ ವರ್ಷದ ಮೇ ತಿಂಗಳಲ್ಲಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕ ಸಾಲದೆ ರೋಗಿಗಳು ಪ್ರಾಣ ಬಿಟ್ಟ ಸುದ್ದಿ ಕೇಳಿ ನಾಡೇ ನಡುಗಿತು. ಆಗ ನಾವು ಮಾಡಿದ ಪ್ರಾರ್ಥನೆಗಳು ನೆನಪಿವೆಯೇ? ವರ್ಷಗಳು ಉರುಳಿದವು. ಉಸಿರು ಮತ್ತೆ ಸುಲಭವಾಯಿತು, ಕೃತಜ್ಞತೆ ಮತ್ತೆ ದುರ್ಲಭವಾಯಿತು.

ಈ ಅನುಗ್ರಹವನ್ನು ಸರಿಯಾಗಿ ಬಳಸುವುದು ಹೇಗೆ, ಮನಸ್ಸು ಕಳವಳಗೊಂಡಾಗ ಉಸಿರು ನಮಗೆ ಹೇಗೆ ನೆರವಾಗುತ್ತದೆ, ಅದರ ಮಿತಿ ಎಲ್ಲಿದೆ ಎಂಬ ವಿಷಯಗಳನ್ನು ಇಲ್ಲಿ ತಿಳಿಯೋಣ.

ಎದೆ ಬಿಗಿಯುವ ಬದುಕು

ಬೆಂಗಳೂರಿನ ಹೊರವಲಯ ಇಂದು ಲಕ್ಷಾಂತರ ಕುಟುಂಬಗಳ ಅನ್ನದ ನೆಲೆ. 1882ರಲ್ಲಿ ಕೃಷಿ ವಸಾಹತಾಗಿ ಆರಂಭವಾದ ವೈಟ್‌ಫೀಲ್ಡ್‌ನಲ್ಲಿ ಇಂದು ಗಾಜಿನ ಕಟ್ಟಡಗಳು ಎದ್ದಿವೆ. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ ಪಕ್ಕ 332 ಎಕರೆಯಲ್ಲಿ ಸ್ಥಾಪಿಸಿದ ಎಲೆಕ್ಟ್ರಾನಿಕ್ ಸಿಟಿ ಜಗತ್ತಿನ ಗಮನ ಸೆಳೆದಿದೆ. ಪೀಣ್ಯದ ಸಾವಿರಾರು ಸಣ್ಣ ಕಾರ್ಖಾನೆಗಳಲ್ಲಿ ಲೇತ್ ಯಂತ್ರಗಳು, ಪ್ರೆಸ್ಸುಗಳು, ಹೊಲಿಗೆ ಯಂತ್ರಗಳು ಹಗಲಿರುಳು ಓಡುತ್ತಿವೆ. ಕಲಬುರಗಿ, ಬೀದರ್, ಬಳ್ಳಾರಿ, ದಾವಣಗೆರೆ, ಶಿವಮೊಗ್ಗ, ಮಂಗಳೂರು ಮುಂತಾದ ಕಡೆಗಳಿಂದ ನಮ್ಮ ಮಕ್ಕಳು ಅಲ್ಲಿಗೆ ಹೋಗಿದ್ದಾರೆ. ಹಲಾಲ್ ಸಂಪಾದನೆಗಾಗಿ ಮನೆ ಬಿಟ್ಟು ಹೋದವರ ಶ್ರಮವನ್ನು ಇಸ್ಲಾಮ್ ಗೌರವಿಸುತ್ತದೆ.

ಆದರೆ ಆ ಸಂಬಳದ ಹಿಂದೆ ಎಂಥ ಬದುಕಿದೆ ಎಂಬುದನ್ನು ಊರಿನಲ್ಲಿರುವ ತಂದೆ ತಾಯಿಯರು ಅನೇಕ ವೇಳೆ ಅರಿತಿರುವುದಿಲ್ಲ. ಅಮೆರಿಕದ ಹಗಲಿಗೆ ಹೊಂದಿಕೊಳ್ಳಲು ಇಲ್ಲಿ ರಾತ್ರಿಯಿಡೀ ಎಚ್ಚರವಿರಬೇಕು. ಇಂದು ಕೆಲಸವಿದೆ, ನಾಳೆ ಇದೆಯೋ ಇಲ್ಲವೋ ಎಂಬ ಭಯ ಬೇರೆ. ಪೀಣ್ಯದ ಸಣ್ಣ ಕಾರ್ಖಾನೆಯ ಯಜಮಾನನಿಗೆ ಮಾಲು ಕೊಟ್ಟು ತಿಂಗಳುಗಳಾದರೂ ಹಣ ಬಂದಿರುವುದಿಲ್ಲ, ಶನಿವಾರದ ಬಟವಾಡೆ ಮಾತ್ರ ತಪ್ಪುವುದಿಲ್ಲ. ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಸಹೋದರಿಗೆ ಗಂಟೆಗಿಷ್ಟು ತುಂಡು ಎಂಬ ಟಾರ್ಗೆಟ್ಟು. ನೀರು ಕುಡಿದರೆ ಎದ್ದು ಹೋಗಬೇಕಾಗುತ್ತದೆಂದು ನೀರು ಕುಡಿಯಲೂ ಆಕೆ ಹಿಂಜರಿಯುತ್ತಾಳೆ. ವೈಟ್‌ಫೀಲ್ಡಿಗೆ 2023ರಲ್ಲಿ, ಎಲೆಕ್ಟ್ರಾನಿಕ್ ಸಿಟಿಗೆ 2025ರ ಆಗಸ್ಟ್‌ನಲ್ಲಿ ಮೆಟ್ರೋ ರೈಲು ಬಂದಿದೆ. ಆದರೂ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಹೊಗೆಯಲ್ಲಿ ಗಂಟೆಗಟ್ಟಲೆ ನಿಲ್ಲುವವರ ಸಂಖ್ಯೆ ಕಡಿಮೆಯೇನಲ್ಲ.

ಒಬ್ಬ ಯುವಕನನ್ನು ಭಾವಿಸಿಕೊಳ್ಳಿ. ಒಂದು ಸಂಜೆ ಕಂಪನಿಯ ಬಸ್ಸು ಮೇಲ್ಸೇತುವೆಯ ನಡುವೆ ನಿಂತಿರುವಾಗ ಆತನ ಹೃದಯ ಇದ್ದಕ್ಕಿದ್ದಂತೆ ಹೊಡೆದುಕೊಳ್ಳತೊಡಗುತ್ತದೆ. ಕೈ ಬೆರಳುಗಳು ಜುಮ್ಮೆನ್ನುತ್ತವೆ, ಉಸಿರು ಸಿಕ್ಕದಂತಾಗುತ್ತದೆ, ಸತ್ತೇ ಹೋಗುತ್ತೇನೆ ಎಂದು ಭಾಸವಾಗುತ್ತದೆ. ಕಾಲು ಗಂಟೆಯ ನಂತರ ಎಲ್ಲವೂ ಇಳಿಯುತ್ತದೆ. ಊರಿಗೆ ಫೋನ್ ಮಾಡಿ ಹೇಳಿದಾಗ, ಯಾರದೋ ಕಣ್ಣು ತಾಗಿರಬೇಕು ಎಂದು ಅಮ್ಮಿ ಅಳುತ್ತಾರೆ. ನಮಾಝ್ ಸರಿಯಾಗಿ ಮಾಡುತ್ತಿಲ್ಲವೇನೋ ಎಂದು ಅಬ್ಬಾ ಗದರುತ್ತಾರೆ. ಇಬ್ಬರದೂ ಪ್ರೀತಿಯೇ. ಆದರೆ ಆ ಯುವಕ ಮುಂದೆ ಯಾರೊಂದಿಗೂ ಬಾಯಿ ಬಿಡುವುದಿಲ್ಲ. ತನ್ನ ಈಮಾನೇ ದುರ್ಬಲವಾಗಿದೆ ಎಂಬ ಚಿಂತೆಯೊಂದು ಹಳೆಯ ಚಿಂತೆಗಳ ಜೊತೆ ಸೇರಿಕೊಳ್ಳುತ್ತದೆ.

ಇಂಥ ಮಗನಿಗೆ, ಇಂಥ ಮಗಳಿಗೆ ಇಸ್ಲಾಮ್ ಏನು ಹೇಳುತ್ತದೆ?

ಕಳವಳವು ಈಮಾನಿನ ಕೊರತೆಯೇ?

ಮೊದಲು ಈ ತಪ್ಪು ಕಲ್ಪನೆ ತೊಲಗಬೇಕು. ಸತ್ಯನಿಷೇಧಿಗಳ ಮಾತುಗಳಿಂದ ಪ್ರವಾದಿವರ್ಯರ(ಸ) ಎದೆ ಬಿಗಿಯುತ್ತಿದ್ದುದನ್ನು ತಾನು ಬಲ್ಲೆನೆಂದು ಅಲ್ಲಾಹನೇ ಪವಿತ್ರ ಕುರ್‌ಆನಿನಲ್ಲಿ ತಿಳಿಸಿರುವನು (ಅಲ್ ಹಿಜ್ರ್: 97). ಸೃಷ್ಟಿಯಲ್ಲೇ ಶ್ರೇಷ್ಠರಾದವರ ಎದೆ ಬಿಗಿದಿತ್ತು! ಅಲ್ಲಾಹನು ಅದಕ್ಕಾಗಿ ಅವರನ್ನು ಗದರಲಿಲ್ಲ. ಅದರ ಮುಂದಿನ ವಚನದಲ್ಲೇ ಪರಿಹಾರ ಸೂಚಿಸಿದನು. ಪ್ರಭುವಿನ ಸ್ತುತಿಯೊಂದಿಗೆ ಅವನ ಪಾವಿತ್ರ್ಯವನ್ನು ಕೊಂಡಾಡಬೇಕು, ಸುಜೂದ್ ಮಾಡುವವರೊಂದಿಗೆ ಸೇರಬೇಕು ಎಂಬುದೇ ಆ ಪರಿಹಾರ.

ಮೂಸಾ(ಅ) ಅವರು ಫಿರ್‌ಔನನ ಆಸ್ಥಾನಕ್ಕೆ ಹೊರಡುವ ಮುನ್ನ ಮೊಟ್ಟಮೊದಲು ಬೇಡಿದ್ದು ತಮ್ಮ ಎದೆಯನ್ನು ವಿಶಾಲಗೊಳಿಸಿಕೊಡಬೇಕೆಂದು (ತಾಹಾ: 25). ಯಅಕೂಬ್(ಅ) ಅವರು ಮಗನ ಅಗಲಿಕೆಯ ದುಃಖದಲ್ಲಿ ಕಣ್ಣಿನ ದೃಷ್ಟಿಯನ್ನೇ ಕಳೆದುಕೊಂಡರು. ಆದರೂ ತಮ್ಮ ಅಳಲನ್ನು ಅಲ್ಲಾಹನ ಮುಂದೆಯೇ ತೋಡಿಕೊಂಡರು (ಯೂಸುಫ್: 84-86). ಚಿಂತೆ ಮತ್ತು ದುಃಖಗಳಿಂದ ಅಲ್ಲಾಹನ ಅಭಯ ಯಾಚಿಸುವುದು ಪ್ರವಾದಿವರ್ಯರ(ಸ) ರೂಢಿಯಾಗಿತ್ತೆಂದು ಅನಸ್(ರ) ವರದಿ ಮಾಡಿದ್ದಾರೆ. ಅಭಯ ಯಾಚಿಸಬೇಕಾದರೆ ಆ ಸಂಕಟ ಮನುಷ್ಯನಿಗೆ ಬರುವಂಥದ್ದೇ ಎಂದಾಯಿತಲ್ಲವೇ?

ನಮ್ಮ ಪೂರ್ವಿಕ ವಿದ್ವಾಂಸರೂ ಇದನ್ನು ಅರಿತಿದ್ದರು. ಕ್ರಿ.ಶ. 934ರಲ್ಲಿ ನಿಧನರಾದ ಅಬೂ ಝೈದ್ ಅಲ್ ಬಲ್ಖೀ ಎಂಬ ವಿದ್ವಾಂಸರು ದೇಹ ಮತ್ತು ಆತ್ಮ ಎರಡರ ಆರೋಗ್ಯದ ಬಗ್ಗೆ ಒಂದು ಗ್ರಂಥವನ್ನೇ ರಚಿಸಿದರು. ದೇಹಕ್ಕೆ ರೋಗ ಬರುವಂತೆ ಮನಸ್ಸಿಗೂ ರೋಗ ಬರುತ್ತದೆ, ಒಂದರ ನೋವು ಇನ್ನೊಂದನ್ನು ತಟ್ಟುತ್ತದೆ ಎಂದು ಅವರು ವಿವರಿಸಿದರು. ಕೋಪ, ಭಯ, ದುಃಖ, ದುರಾಲೋಚನೆ ಇವುಗಳಿಗೆ ಬೇರೆ ಬೇರೆ ಚಿಕಿತ್ಸೆ ಸೂಚಿಸಿದರು. ಮನೆಯಲ್ಲಿ ಮುಂಚಿತವಾಗಿಯೇ ಔಷಧಿ ತಂದಿಡುವಂತೆ, ಮನಸ್ಸು ಶಾಂತವಾಗಿರುವಾಗಲೇ ಒಳ್ಳೆಯ ಆಲೋಚನೆಗಳನ್ನು ಕೂಡಿಟ್ಟುಕೊಂಡಿರಬೇಕು ಎಂಬುದು ಅವರ ಬೋಧನೆ. ಸಾವಿರದ ನೂರು ವರ್ಷಗಳ ಹಿಂದಿನ ಈ ತಿಳಿವಳಿಕೆ ನಮ್ಮ ಇಂದಿನ ಮನೆಗಳಲ್ಲಿ ಇಲ್ಲವೆಂದರೆ ಅದು ವಿಷಾದದ ಸಂಗತಿ.

ಉಸಿರು ಮತ್ತು ಮನಸ್ಸಿನ ನಂಟು

ಅಪಾಯ ಎದುರಾದಾಗ ಓಡಲು ಅಥವಾ ಎದುರಿಸಲು ಬೇಕಾದ ಏರ್ಪಾಡನ್ನು ಅಲ್ಲಾಹನು ನಮ್ಮ ದೇಹದಲ್ಲೇ ಇಟ್ಟಿರುವನು. ಮೂತ್ರಪಿಂಡಗಳ ಮೇಲಿರುವ ಚಿಕ್ಕ ಗ್ರಂಥಿಗಳು ಅಡ್ರಿನಾಲಿನ್ ಎಂಬ ರಸವನ್ನು ರಕ್ತಕ್ಕೆ ಸುರಿಸುತ್ತವೆ. ಹೃದಯ ವೇಗವಾಗಿ ಬಡಿಯುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಉಸಿರಾಟ ಚುರುಕಾಗುತ್ತದೆ. ಹುಲಿ ಬಂದಾಗ ಇದು ಪ್ರಾಣ ಉಳಿಸುತ್ತದೆ. ಆದರೆ ಮೇಲಧಿಕಾರಿಯ ಒಂದು ಮೆಸೇಜಿಗೂ ದೇಹ ಹುಲಿ ಬಂದಂತೆಯೇ ವರ್ತಿಸಿದರೆ ಏನಾದೀತು? ದಿನವಿಡೀ ಕುರ್ಚಿಯಲ್ಲಿ ಕುಳಿತವನ ದೇಹ ಒಳಗೊಳಗೇ ಓಡುತ್ತಲೇ ಇರುತ್ತದೆ.

ಭಯ ಹೆಚ್ಚಾದಾಗ ಮನುಷ್ಯನು ಎದೆಯ ಮೇಲ್ಭಾಗದಿಂದ ಗಡಿಬಿಡಿಯಲ್ಲಿ ಉಸಿರೆಳೆಯುತ್ತಾನೆ. ಹಾಗೆ ಅತಿಯಾಗಿ ಉಸಿರಾಡಿದಾಗ ರಕ್ತದಲ್ಲಿರಬೇಕಾದ ಇಂಗಾಲದ ಡೈ ಆಕ್ಸೈಡ್ ಕಡಿಮೆಯಾಗುತ್ತದೆ. ತಲೆ ಸುತ್ತುವುದು, ಬೆರಳು ಜುಮ್ಮೆನ್ನುವುದು, ಎದೆ ಬಿಗಿಯುವುದು ಇದರಿಂದಲೇ. ಗಾಳಿ ಸಾಲದು ಎಂದು ಆತ ಇನ್ನಷ್ಟು ಎಳೆಯುತ್ತಾನೆ, ಕಷ್ಟ ಇನ್ನಷ್ಟು ಹೆಚ್ಚುತ್ತದೆ.

ಈ ಬೆಂಕಿಯನ್ನು ಆರಿಸುವ ಏರ್ಪಾಡನ್ನೂ ಕರುಣಾಮಯನಾದ ಅಲ್ಲಾಹನು ಇಟ್ಟಿರುವನು. ಮೆದುಳಿನಿಂದ ಹೃದಯ, ಶ್ವಾಸಕೋಶ, ಜಠರದವರೆಗೆ ಹರಡಿರುವ ವೇಗಸ್ ಎಂಬ ನರವು ಹೃದಯದ ಓಟಕ್ಕೆ ಕಡಿವಾಣ ಹಾಕುತ್ತದೆ. ಉಸಿರನ್ನು ಹೊರಬಿಡುವಾಗ ಅದರ ಕೆಲಸ ಹೆಚ್ಚುತ್ತದೆ, ಹೃದಯದ ಬಡಿತ ತುಸು ನಿಧಾನವಾಗುತ್ತದೆ. ಇದರಲ್ಲೊಂದು ಸೋಜಿಗವಿದೆ. ನೀವು ಇಚ್ಛಿಸಿದೊಡನೆ ಹೃದಯವನ್ನು ನಿಧಾನಗೊಳಿಸಲಾರಿರಿ, ಜಠರಕ್ಕೆ ಆಜ್ಞೆ ಮಾಡಲಾರಿರಿ. ಆದರೆ ತಾನಾಗಿಯೇ ನಡೆಯುವ ಉಸಿರಾಟ ನಿಮ್ಮ ಮಾತನ್ನೂ ಕೇಳುತ್ತದೆ. ಮನೆಯ ಎಲ್ಲ ಬಾಗಿಲುಗಳಿಗೆ ಒಳಗಿನಿಂದ ಅಗುಳಿ ಹಾಕಿದ್ದರೂ ಒಂದರ ಬೀಗದಕೈಯನ್ನು ಯಜಮಾನನು ನಮ್ಮ ಕೈಯಲ್ಲೇ ಕೊಟ್ಟಂತೆ!

2001ರಲ್ಲಿ ಇಟಲಿಯ ಪಾವಿಯಾ ನಗರದ ವೈದ್ಯರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 23 ಜನರನ್ನು ಪರೀಕ್ಷಿಸಿದಾಗ, ಕ್ರೈಸ್ತರ ಜಪಸರದ ಪ್ರಾರ್ಥನೆಯನ್ನಾಗಲಿ ಯೋಗದ ಮಂತ್ರವನ್ನಾಗಲಿ ಪಠಿಸುವಾಗ ಉಸಿರಾಟ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿದು, ಹೃದಯ ಮತ್ತು ರಕ್ತದೊತ್ತಡದ ಲಯಗಳು ಹದಗೊಂಡಿದ್ದವು. 2023ರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದವರು ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ ಐದೇ ನಿಮಿಷ ದೀರ್ಘವಾಗಿ ಉಸಿರು ಬಿಡುವ ಅಭ್ಯಾಸವನ್ನು ಒಂದು ತಿಂಗಳು ನಡೆಸಿದವರ ಮನಸ್ಸು ಹೆಚ್ಚು ಹಗುರವಾಗಿತ್ತು.

ಮುಸ್ಲಿಮನು ಇದನ್ನು ಮಾಡಬಹುದೇ?

ವಿಶ್ವಸಂಸ್ಥೆಯ ತೀರ್ಮಾನದಂತೆ 2015ರಿಂದ ಪ್ರತಿ ವರ್ಷ ಜೂನ್ 21ರಂದು ಯೋಗ ದಿನ ಆಚರಿಸಲಾಗುತ್ತಿದೆ. ಅನೇಕ ಕಂಪನಿಗಳಲ್ಲಿ ಉಸಿರಾಟದ ತರಗತಿಗಳೂ ನಡೆಯುತ್ತವೆ. ಅಲ್ಲಿ ಸೇರಬಹುದೇ ಎಂಬ ಪ್ರಶ್ನೆ ನಮ್ಮ ಮನೆಗಳಲ್ಲಿ ಏಳುತ್ತಲೇ ಇದೆ. ಕೆಲವರು ಎಲ್ಲವನ್ನೂ ಕಣ್ಣು ಮುಚ್ಚಿ ಒಪ್ಪುತ್ತಾರೆ. ಇನ್ನು ಕೆಲವರು ಉಸಿರಿನ ಮಾತೆತ್ತಿದರೇ ಹೌಹಾರುತ್ತಾರೆ. ಎರಡೂ ಮಧ್ಯಮ ಮಾರ್ಗವಲ್ಲ.

ಉಸಿರು ಯಾವುದೇ ಒಂದು ಧರ್ಮದವರ ಆಸ್ತಿಯಲ್ಲ. ಗಾಳಿ ಅಲ್ಲಾಹನದು, ಶ್ವಾಸಕೋಶವೂ ಅವನದೇ. ನಿಧಾನವಾಗಿ ಉಸಿರಾಡುವುದು ನಡೆಯುವುದರಂತೆ, ಈಜುವುದರಂತೆ ದೇಹದ ಒಂದು ಅಭ್ಯಾಸ. ಅದರಲ್ಲಿ ಪ್ರಯೋಜನವಿದೆಯೆಂದು ಅನುಭವ ಮತ್ತು ಪರೀಕ್ಷೆಯಿಂದ ತಿಳಿದರೆ ಅದನ್ನು ಬಳಸಲು ಅಡ್ಡಿಯೇನು? ರೋಗವಿದ್ದಲ್ಲಿ ಮದ್ದೂ ಇದೆ, ಚಿಕಿತ್ಸೆ ಮಾಡಿಕೊಳ್ಳಿ ಎಂದು ಪ್ರವಾದಿವರ್ಯರು(ಸ) ಕಲಿಸಿಲ್ಲವೇ? ಆದರೆ ಅಲ್ಲಾಹೇತರರನ್ನು ಸ್ತುತಿಸುವ ಮಾತು, ಅನ್ಯರಿಗೆ ವಂದನೆ ಸಲ್ಲಿಸುವ ಭಂಗಿ, ನಮ್ಮ ವಿಶ್ವಾಸಕ್ಕೆ ಒಗ್ಗದ ಸಂಕಲ್ಪ ಇವು ಅದರೊಂದಿಗೆ ಬಂದರೆ ಅಲ್ಲಿ ಗೆರೆ ಎಳೆಯಬೇಕು. ಅದನ್ನೂ ಜಗಳವಾಡದೆ, ಇತರರ ಮನ ನೋಯಿಸದೆ, ವಿನಯದಿಂದ ಹೇಳಬೇಕು. ಉಸಿರಿನ ಅಭ್ಯಾಸ ಮಾತ್ರ ಮಾಡುತ್ತೇನೆ ಎಂದು ನಯವಾಗಿ ತಿಳಿಸಿದರೆ ಸಾಕು, ಹೆಚ್ಚಿನವರು ಅರ್ಥ ಮಾಡಿಕೊಳ್ಳುತ್ತಾರೆ.

ಇನ್ನೊಂದು ಎಚ್ಚರವೂ ಬೇಕು. ಉಸಿರಿನ ಇಷ್ಟು ಎಣಿಕೆಗೆ ಇಷ್ಟು ಪುಣ್ಯ ಎಂದು ನಾವೇ ಹೊಸದೊಂದು ಇಬಾದತ್ತನ್ನು ಸೃಷ್ಟಿಸಬಾರದು. ಇದು ದೇಹಕ್ಕೆ ನೀಡುವ ಚಿಕಿತ್ಸೆ. ದೇಹದ ಹಕ್ಕನ್ನು ಸಲ್ಲಿಸುವ ಸಂಕಲ್ಪವಿದ್ದರೆ ಅಲ್ಲಾಹನಲ್ಲಿ ಅದಕ್ಕೂ ಪ್ರತಿಫಲವಿದೆಯೆಂದು ಆಶಿಸಬಹುದು. ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಝ್‌ನಲ್ಲಿ ಕಳೆಯುತ್ತಿದ್ದ ಅಬ್ದುಲ್ಲಾ ಬಿನ್ ಅಮ್ರ್(ರ) ಅವರಿಗೆ, ದೇಹಕ್ಕೂ ಅವರ ಮೇಲೆ ಹಕ್ಕಿದೆಯೆಂದು ಪ್ರವಾದಿವರ್ಯರು(ಸ) ನೆನಪಿಸಿದ್ದು ಪ್ರಸಿದ್ಧವಾಗಿದೆ.

ಆರಾಧನೆಯಲ್ಲಿ ಅಡಗಿರುವ ನೆಮ್ಮದಿ

ವಾಸ್ತವದಲ್ಲಿ, ನಿಧಾನವನ್ನು ಕಲಿಯಲು ಮುಸ್ಲಿಮನು ಬಹಳ ದೂರ ಹೋಗಬೇಕಾಗಿಲ್ಲ. ಜಮಾಅತ್ ಆರಂಭವಾಗಿದ್ದರೂ ಓಡಿ ಬರಬೇಡಿ, ಶಾಂತವಾಗಿ ನಡೆದು ಬನ್ನಿ ಎಂಬುದು ಪ್ರವಾದಿವರ್ಯರ(ಸ) ಆದೇಶ. ಆತುರದಿಂದ ನಮಾಝ್ ಮುಗಿಸಿದ ವ್ಯಕ್ತಿಯೊಬ್ಬರನ್ನು ಅವರು ಮತ್ತೆ ಮತ್ತೆ ಹಿಂದಕ್ಕೆ ಕಳುಹಿಸಿದರು. ರುಕೂವಿನಲ್ಲಿ ದೇಹ ನೆಲೆಗೊಳ್ಳಬೇಕು, ನೆಟ್ಟಗೆ ನಿಂತು ನೆಲೆಗೊಳ್ಳಬೇಕು, ಸುಜೂದ್‌ನಲ್ಲೂ ನೆಲೆಗೊಳ್ಳಬೇಕು ಎಂದು ಕಲಿಸಿದರು. ಕುರ್‌ಆನ್ ಪಾರಾಯಣ ಮಾಡುವಾಗ ಅವರು ಒಂದೊಂದು ವಚನಕ್ಕೂ ನಿಲ್ಲುತ್ತಿದ್ದರೆಂದು ಉಮ್ಮು ಸಲಮಾ(ರ) ವಿವರಿಸಿದ್ದಾರೆ. ನಮಾಝ್‌ಗೆ ಕರೆ ಕೊಟ್ಟು ನಮಗೆ ನೆಮ್ಮದಿ ನೀಡೆಂದು ಬಿಲಾಲ್(ರ) ಅವರಿಗೆ ಅವರು ಹೇಳುತ್ತಿದ್ದರು.

ನೀರು ಕುಡಿಯುವುದರಲ್ಲೂ ಇದೇ ಪಾಠ. ಪಾತ್ರೆಯನ್ನು ಬಾಯಿಂದ ಸರಿಸಿ, ನಡುವೆ ಉಸಿರಾಡುತ್ತಾ ಮೂರು ಬಾರಿಯಾಗಿ ಕುಡಿಯುವುದು ಸುನ್ನತ್. ಹೊಟ್ಟೆಯ ಮೂರನೆಯ ಒಂದು ಭಾಗ ಅನ್ನಕ್ಕೆ, ಒಂದು ಭಾಗ ನೀರಿಗೆ, ಒಂದು ಭಾಗ ಉಸಿರಿಗೆ ಮೀಸಲಿಡಬೇಕೆಂಬ ಹದೀಸನ್ನು ನಾವೆಲ್ಲ ಕೇಳಿದ್ದೇವೆ. ಉಸಿರಿಗೂ ಒಂದು ಪಾಲು! ಹೊಟ್ಟೆ ಬಿರಿಯುವಂತೆ ತಿಂದಾಗ ವಪೆಗೆ ಕೆಳಗಿಳಿಯಲು ಜಾಗವಿರುವುದಿಲ್ಲ, ಉಸಿರು ಎದೆಯಲ್ಲೇ ಉಳಿಯುತ್ತದೆ. ತಡರಾತ್ರಿ ಬಿರಿಯಾನಿ ತಿಂದು ಮಲಗಿ, ಎದೆ ಭಾರವೆನ್ನುವವರು ಈ ಹದೀಸನ್ನು ಒಮ್ಮೆ ನೆನೆಯಲಿ.

ಆದರೆ ನಾವು ಏನು ಮಾಡಿದ್ದೇವೆ? ಕಚೇರಿಯ ಧಾವಂತವನ್ನು ಮುಸಲ್ಲದ ಮೇಲೂ ತಂದಿದ್ದೇವೆ. ನಾಲ್ಕು ರಕಅತ್ ಝುಹ್ರ್ ಮೂರು ನಿಮಿಷಗಳಲ್ಲಿ ಮುಗಿಯುತ್ತದೆ, ಸಲಾಮ್ ಹೇಳುವ ಮೊದಲೇ ಕೈ ಮೊಬೈಲಿನತ್ತ ಸರಿಯುತ್ತದೆ. ಹೀಗೆ ನಮಾಝ್ ಮಾಡಿ, ನಮಾಝ್‌ನಿಂದ ನನಗೆ ನೆಮ್ಮದಿ ಸಿಗಲಿಲ್ಲ ಎನ್ನುವುದು ನ್ಯಾಯವೇ? ದೇವಸ್ಮರಣೆಯಿಂದ ಹೃದಯಗಳು ಶಾಂತಿ ಪಡೆಯುತ್ತವೆ ಎಂಬ ಕುರ್‌ಆನಿನ ವಾಗ್ದಾನ (ಅರ್‍ರಅದ್: 28) ಸ್ಮರಿಸುವವರಿಗೆ ಸಂಬಂಧಿಸಿದ್ದು, ಶಬ್ದಗಳನ್ನು ಉದುರಿಸುವವರಿಗಲ್ಲ.

ಒಂದು ಮಾತು ಸ್ಪಷ್ಟವಾಗಲಿ. ನಮಾಝ್ ವ್ಯಾಯಾಮವಲ್ಲ, ಝಿಕ್ರ್ ರಕ್ತದೊತ್ತಡದ ಮಾತ್ರೆಯಲ್ಲ. ಅವು ಅಲ್ಲಾಹನ ಹಕ್ಕು. ಮನಸ್ಸು ಹಗುರವಾಗಲಿ ಭಾರವಾಗಲಿ ದಾಸನು ಅವನ್ನು ಸಲ್ಲಿಸಲೇಬೇಕು. ಆದರೆ ಹಕ್ಕನ್ನು ಸರಿಯಾಗಿ ಸಲ್ಲಿಸಿದ ದಾಸನನ್ನು ಅವನು ಬರಿಗೈಯಲ್ಲಿ ಕಳುಹಿಸುವುದಿಲ್ಲ.

ಅಭ್ಯಾಸದ ರೀತಿ

ಇದಕ್ಕೆ ಹಣ ಬೇಡ, ಸಲಕರಣೆ ಬೇಡ. ಫಜ್ರ್ ನಮಾಝ್‌ನ ನಂತರದ ಹೊತ್ತು ಅತ್ಯುತ್ತಮ. ಪ್ರಭಾತವು ಉಸಿರಾಡುವ ಬಗ್ಗೆ ಅಲ್ಲಾಹನು ಆಣೆಯಿಟ್ಟು ಹೇಳಿರುವನು (ಅತ್ತಕ್ವೀರ್: 18). ವಾಹನಗಳ ಹೊಗೆ ಏಳುವ ಮುನ್ನಿನ ಆ ತಂಪು ಗಾಳಿಯನ್ನು ಬಲ್ಲವರಿಗೆ ಆ ಮಾತಿನ ಸೊಬಗು ತಿಳಿದೀತು.

ಬೆನ್ನು ನೆಟ್ಟಗಿರುವಂತೆ ಆರಾಮವಾಗಿ ಕುಳಿತುಕೊಳ್ಳಿ. ಭುಜಗಳನ್ನು ಸಡಿಲ ಬಿಡಿ. ಒಂದು ಕೈಯನ್ನು ಹೊಟ್ಟೆಯ ಮೇಲಿಡಿ. ಮೂಗಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಮೆಲ್ಲಗೆ ಉಸಿರೆಳೆದುಕೊಳ್ಳಿ. ಹೊಟ್ಟೆಯ ಮೇಲಿನ ಕೈ ಮೇಲೇಳಬೇಕು, ಎದೆ ಉಬ್ಬಬೇಕಾಗಿಲ್ಲ. ಬಳಿಕ ಆರು ಎಣಿಸುವಷ್ಟು ಹೊತ್ತು ನಿಧಾನವಾಗಿ ಹೊರಬಿಡಿ. ನಡುವೆ ಉಸಿರು ಕಟ್ಟಿ ಹಿಡಿಯುವ ಅಗತ್ಯವಿಲ್ಲ. ಎಣಿಕೆ ಒಂದೊಂದು ಸೆಕೆಂಡಿಗೆ ಒಂದರಂತೆ ಸಾಗಿದರೆ ನಿಮಿಷಕ್ಕೆ ಆರು ಉಸಿರಾಗುತ್ತದೆ, ಐದು ನಿಮಿಷಕ್ಕೆ ಮೂವತ್ತು. ಆರಂಭದಲ್ಲಿ ಕಷ್ಟವೆನಿಸಿದರೆ ಮೂರಕ್ಕೆ ಎಳೆದು ನಾಲ್ಕಕ್ಕೆ ಬಿಡಿ. ತಲೆ ಸುತ್ತಿದರೆ ನಿಲ್ಲಿಸಿ ಸಹಜವಾಗಿ ಉಸಿರಾಡಿ. ಬಲವಂತ ಬೇಡವೇ ಬೇಡ.

ಸಂಜೆ ಕಾರ್ಖಾನೆಯ ಗೇಟು ದಾಟಿದ ಮೇಲೆ, ಮೆಟ್ರೋದಲ್ಲಿ ಸೀಟು ಸಿಕ್ಕಾಗ, ರಾತ್ರಿ ಹಾಸಿಗೆಯಲ್ಲಿ ಹೀಗೆಯೇ ಮಾಡಬಹುದು. ವಾಹನ ಓಡಿಸುವಾಗ, ಯಂತ್ರದ ಮುಂದೆ ನಿಂತಿರುವಾಗ ಮಾತ್ರ ಮಾಡಬಾರದು. ಪೀಣ್ಯದ ಬಣ್ಣದ ಘಟಕ, ಎಲೆಕ್ಟ್ರೋಪ್ಲೇಟಿಂಗ್, ಎರಕದ ಕೆಲಸ ಮುಂತಾದ ಕಡೆ ದುಡಿಯುವವರು ಹೊರಗಿನ ಒಳ್ಳೆಯ ಗಾಳಿಗೆ ಬಂದು ಮಾಡಬೇಕು. ರಾಸಾಯನಿಕದ ಆವಿಯನ್ನು ಆಳವಾಗಿ ಒಳಗೆಳೆಯುವುದು ಚಿಕಿತ್ಸೆಯಲ್ಲ, ವಿಷ. ಆಸ್ತಮಾ, ಹೃದ್ರೋಗ ಇರುವವರೂ ಗರ್ಭಿಣಿಯರೂ ಉಸಿರು ಕಟ್ಟುವ ಮತ್ತು ರಭಸದಿಂದ ಬಿಡುವ ಅಭ್ಯಾಸಗಳನ್ನು ವೈದ್ಯರನ್ನು ಕೇಳದೆ ಮಾಡಕೂಡದು.

ಮನೆಯ ಹೊಸ್ತಿಲಲ್ಲಿ

ಈ ಅಭ್ಯಾಸ ಅತ್ಯಂತ ಅಗತ್ಯವಾಗಿರುವುದು ಎಲ್ಲಿ ಗೊತ್ತೇ? ಮನೆಯ ಬಾಗಿಲಲ್ಲಿ. ದಿನವಿಡೀ ಮೇಲಧಿಕಾರಿಯ ಮುಂದೆ ಬಾಯಿ ಮುಚ್ಚಿದವನು ಹೆಂಡತಿಯ ಮುಂದೆ ಬಾಯಿ ಬಿಡುತ್ತಾನೆ. ಗ್ರಾಹಕನ ಬೈಗುಳವನ್ನು ನಗುತ್ತಾ ನುಂಗಿದವಳು ಮಗುವಿನ ಚೆಲ್ಲಿದ ಹಾಲಿಗೆ ಕೈ ಎತ್ತುತ್ತಾಳೆ. ಕಂಪನಿಗೆ ನಮ್ಮ ಸಹನೆ, ಮನೆಯವರಿಗೆ ನಮ್ಮ ಕೋಪ! ಇದೆಂಥ ಹಂಚಿಕೆ?

ಕುಸ್ತಿಯಲ್ಲಿ ಇನ್ನೊಬ್ಬನನ್ನು ಕೆಡಹುವವನಲ್ಲ, ಕೋಪ ಬಂದಾಗ ತನ್ನನ್ನು ಹಿಡಿದಿಟ್ಟುಕೊಳ್ಳುವವನೇ ನಿಜವಾದ ಬಲಶಾಲಿ ಎಂದು ಪ್ರವಾದಿವರ್ಯರು(ಸ) ಕಲಿಸಿದರು. ಶೈತಾನನಿಂದ ಅಲ್ಲಾಹನ ಅಭಯ ಯಾಚಿಸಬೇಕು, ಮೌನ ತಾಳಬೇಕು, ನಿಂತವನು ಕೂರಬೇಕು, ಅಷ್ಟರಲ್ಲೂ ಇಳಿಯದಿದ್ದರೆ ಒರಗಿಕೊಳ್ಳಬೇಕು ಎಂದರು. ಈ ಒಂದೊಂದರಲ್ಲೂ ಉಸಿರು ಹದಕ್ಕೆ ಬರಲು ಬಿಡುವು ಇರುವುದನ್ನು ಗಮನಿಸಿ. ಬೆಲ್ ಒತ್ತುವ ಮುನ್ನ ಹೊರಗೆ ಒಂದು ನಿಮಿಷ ನಿಲ್ಲಿ. ಆರು ಬಾರಿ ನಿಧಾನವಾಗಿ ಉಸಿರು ಬಿಡಿ. ಬಿಸ್ಮಿಲ್ಲಾಹ್ ಎಂದು ಬಾಗಿಲು ತೆರೆದು ಸಲಾಮ್ ಹೇಳಿ. ಆ ಒಂದು ನಿಮಿಷ ಎಷ್ಟೋ ಮನೆಗಳ ಒಂದು ರಾತ್ರಿಯನ್ನು ಉಳಿಸಬಲ್ಲದು.

ಕತ್ತು ಹಿಸುಕಿ ಉಸಿರಾಡು ಎನ್ನಬೇಡಿ

ಇಲ್ಲಿ ಯಜಮಾನರಿಗೂ ಅಧಿಕಾರಿಗಳಿಗೂ ಒಂದು ಮಾತು ಹೇಳದಿದ್ದರೆ ಸತ್ಯವನ್ನು ಮುಚ್ಚಿಟ್ಟಂತಾದೀತು. ಇಬ್ಬರ ಕೆಲಸವನ್ನು ಒಬ್ಬನ ಮೇಲೆ ಹೇರಿ, ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ, ಬೆಳಿಗ್ಗೆ ಅದೇ ನೌಕರನಿಗೆ ಒತ್ತಡ ನಿವಾರಣೆಯ ತರಗತಿ ಏರ್ಪಡಿಸುವುದು ಕತ್ತು ಹಿಸುಕಿ ಉಸಿರಾಡು ಎಂದಂತೆ. ನಿಮ್ಮ ಕೈಕೆಳಗಿನವರು ನಿಮ್ಮ ಸಹೋದರರು, ಅವರ ಶಕ್ತಿ ಮೀರಿದ ಕೆಲಸ ಹೊರಿಸಬೇಡಿ, ಹೊರಿಸಿದರೆ ನೀವೂ ಹೆಗಲು ಕೊಡಿ ಎಂದು ಅಬೂದರ್ರ್(ರ) ಅವರ ಮೂಲಕ ಪ್ರವಾದಿವರ್ಯರು(ಸ) ಸಮುದಾಯಕ್ಕೆ ತಿಳಿಸಿದ್ದಾರೆ. ಬೆವರು ಆರುವ ಮುನ್ನ ಕೂಲಿ ಕೊಡುವ ಬೋಧನೆಯೂ ನಮ್ಮದೇ. ನಿಮ್ಮ ಘಟಕದಲ್ಲಿ ಐದು ಜನ ದುಡಿಯುತ್ತಿರಲಿ ಐನೂರು ಜನ ದುಡಿಯುತ್ತಿರಲಿ, ಅವರ ಉಸಿರಿನ ಲೆಕ್ಕ ನಾಳೆ ನಿಮ್ಮ ಖಾತೆಗೆ ಬರುವುದೆಂಬುದನ್ನು ಮರೆಯಬೇಡಿ.

ದುಡಿಯುವವರೂ ಆಲೋಚಿಸಬೇಕು. ಎದೆ ಬಿಗಿಯುತ್ತಿರುವುದು ಕೆಲಸದಿಂದಲೋ, ನೆಂಟರ ಮುಂದೆ ತಗ್ಗಬಾರದೆಂದು ಮಾಡಿದ ಸಾಲದಿಂದಲೋ? ಬಡ್ಡಿಯ ಕಂತು ಕತ್ತಿಗೆ ಸುತ್ತಿಕೊಂಡಿರುವಾಗ ಎಷ್ಟು ದೀರ್ಘ ಉಸಿರು ಬಿಟ್ಟರೂ ಕಂತು ಇಳಿಯದು. ಅಲ್ಲಿ ಬೇಕಾದುದು ಖರ್ಚಿನ ಕಡಿತ, ಮನೆಯವರೊಂದಿಗೆ ಮುಕ್ತ ಮಾತು, ಇದ್ದುದರಲ್ಲಿ ತೃಪ್ತಿ.

ಸಾಲದಿದ್ದಾಗ ವೈದ್ಯರ ಬಳಿಗೆ

ಒಂಟೆಯನ್ನು ಕಟ್ಟಿ ಹಾಕಿ ಬಳಿಕ ಅಲ್ಲಾಹನಲ್ಲಿ ಭರವಸೆ ಇಡಬೇಕೆಂಬ ಹದೀಸ್ ಇಲ್ಲೂ ದಾರಿ ತೋರುತ್ತದೆ. ಎದೆ ನೋವು ತೋಳಿಗೋ ದವಡೆಗೋ ಹರಡಿದರೆ, ತಣ್ಣನೆ ಬೆವರು ಬಂದರೆ ಅದನ್ನು ಒತ್ತಡವೆಂದು ತಳ್ಳಿಹಾಕಿ ಉಸಿರು ಎಣಿಸುತ್ತಾ ಕೂರಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ. ಧೂಳು, ಆವಿಗಳ ನಡುವೆ ದುಡಿಯುವವರಿಗೆ ಕೆಮ್ಮು, ಏದುಸಿರು ಉಳಿದುಕೊಂಡರೆ ಇ.ಎಸ್.ಐ. ವೈದ್ಯರಿಗೆ ತೋರಿಸಿ, ಮಾಡುವ ಕೆಲಸ ಯಾವುದೆಂದೂ ತಿಳಿಸಿ.

ಮನಸ್ಸಿನ ರೋಗಕ್ಕೂ ಇದೇ ನಿಯಮ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನವೊಂದು ಇಲ್ಲಿ ಉಲ್ಲೇಖನೀಯ. ತೀವ್ರ ಖಿನ್ನತೆಯಿದ್ದ 45 ರೋಗಿಗಳನ್ನು ಮೂರು ಗುಂಪು ಮಾಡಿ, ಒಂದಕ್ಕೆ ವಿದ್ಯುತ್ ಚಿಕಿತ್ಸೆ, ಇನ್ನೊಂದಕ್ಕೆ ಇಮಿಪ್ರಮಿನ್ ಮಾತ್ರೆ, ಮತ್ತೊಂದಕ್ಕೆ ಸುದರ್ಶನ ಕ್ರಿಯೆ ಎಂಬ ಲಯಬದ್ಧ ಉಸಿರಾಟದ ಅಭ್ಯಾಸ ನೀಡಲಾಯಿತು. ನಾಲ್ಕು ವಾರಗಳ ನಂತರ ಗುಣಮುಖರಾದವರು ಕ್ರಮವಾಗಿ ಶೇ. 93, 73 ಮತ್ತು 67. ಉಸಿರಿನ ಅಭ್ಯಾಸಕ್ಕೆ ಬಲವಿದೆ ಎಂಬುದು ಇದರಿಂದ ತಿಳಿಯುತ್ತದೆ. ಅದು ವೈದ್ಯರ ಕಣ್ಣೆದುರಿನಲ್ಲಿ, ಆಸ್ಪತ್ರೆಯಲ್ಲಿ ನಡೆದುದು ಎಂಬುದನ್ನೂ, ಎಲ್ಲಕ್ಕಿಂತ ಹೆಚ್ಚು ಫಲ ನೀಡಿದ್ದು ಬೇರೆ ಚಿಕಿತ್ಸೆ ಎಂಬುದನ್ನೂ ಮರೆಯಬಾರದು. ಆದ್ದರಿಂದ ಉಸಿರಿನ ಅಭ್ಯಾಸ ಆರಂಭಿಸಿದೆನೆಂದು ಯಾರೂ ವೈದ್ಯರು ಕೊಟ್ಟ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಕೂಡದು.

ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಯಾವುದರಲ್ಲೂ ಆಸಕ್ತಿ ಉಳಿಯದಿದ್ದರೆ, ಬದುಕು ಸಾಕೆನಿಸಿದರೆ ಬಾಯಿ ಬಿಟ್ಟು ಹೇಳಿ. ಕೇಂದ್ರ ಸರಕಾರವು 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಹೆತ್ತವರೇ, ನಿಮ್ಮ ಮಗ ಎದೆ ಬಿಗಿಯುತ್ತಿದೆ ಎಂದು ಹೇಳಿದ ದಿನ ದಯವಿಟ್ಟು ಅವನ ಈಮಾನನ್ನು ಅಳೆಯಲು ಹೋಗಬೇಡಿ. ಅವನ ಮಾತು ಮುಗಿಯುವ ತನಕ ಕೇಳಿ. ದುಆ ಮಾಡಿ, ಜೊತೆಗೆ ವೈದ್ಯರ ಬಳಿಗೂ ಕರೆದೊಯ್ಯಿರಿ. ಒಂದು ಇನ್ನೊಂದಕ್ಕೆ ವಿರೋಧವಲ್ಲ.

ಸಹೋದರ ಸಹೋದರಿಯರೇ, ನಮಗೆ ಕೊಟ್ಟಿರುವ ಉಸಿರುಗಳ ಸಂಖ್ಯೆ ಅಲ್ಲಾಹನ ಬಳಿ ನಿಗದಿಯಾಗಿದೆ. ಒಂದು ಉಸಿರು ಒಳಗೆ ಬಂದರೆ ಅದು ಅವನ ಔದಾರ್ಯ, ಅದು ಹೊರಗೆ ಹೋದರೆ ಅದೂ ಅವನ ಔದಾರ್ಯ. ಕಡ ಪಡೆದ ವಸ್ತುವನ್ನು ಜತನದಿಂದ ಬಳಸಿ ಹಿಂದಿರುಗಿಸುವುದು ಸಜ್ಜನನ ಲಕ್ಷಣ. ಈ ಅಮಾನತ್ತನ್ನು ಗಡಿಬಿಡಿಯಲ್ಲಿ, ಕೋಪದಲ್ಲಿ, ಇಲ್ಲದ ಭಯಗಳಲ್ಲಿ ಪೋಲು ಮಾಡದಿರೋಣ. ಇಂದಿನ ಇಶಾ ನಮಾಝ್‌ನಲ್ಲಿ ರುಕೂವಿನಲ್ಲಿ ದೇಹ ನೆಲೆಗೊಳ್ಳುವ ತನಕ ನಿಂತು ನೋಡೋಣ. ಅಷ್ಟರಿಂದಲೇ ಆರಂಭವಾಗಲಿ.

ಕರುಣಾಮಯನಾದ ಅಲ್ಲಾಹನು ನಮ್ಮ ಎದೆಗಳನ್ನು ವಿಶಾಲಗೊಳಿಸಲಿ, ದೂರದೂರುಗಳಲ್ಲಿ ದುಡಿಯುತ್ತಿರುವ ನಮ್ಮ ಮಕ್ಕಳ ದೇಹ ಮನಸ್ಸುಗಳನ್ನು ಕಾಪಾಡಲಿ, ನಮ್ಮ ಕೊನೆಯ ಉಸಿರು ಅವನ ಸ್ಮರಣೆಯೊಂದಿಗೆ ಹೊರಡುವಂತೆ ಅನುಗ್ರಹಿಸಲಿ. ಆಮೀನ್.